ಸ್ಪೋರ್ಟ್ಸ್ ಕಾರಿಗೆ ಡಿಕ್ಕಿಯಾಗಿದೆಯಾ? ಮೊದಲು ಸರ್ವೇಯರ್, ಆಮೇಲೆ ಸ್ಪಾನರ್

"ಕಾರು ಗುದ್ದಿದೆ, ಈಗ ಏನು ಮಾಡಲಿ?" ಈ ಫೋನ್ ನನಗೆ ಬರುವುದು ಹೆಚ್ಚಾಗಿ ಭಾನುವಾರ ಬೆಳಿಗ್ಗೆ. ಹೆಬ್ಬಾಳ ದಾಟಿ ನಂದಿ ಬೆಟ್ಟಕ್ಕೆ ಹೊರಟವರು, ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತಲು ಹೋದವರು, ಏನೂ ಇಲ್ಲದೆ ಇಂದಿರಾನಗರದ ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ಗುದ್ದಿಸಿಕೊಂಡವರು. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮಾಮೂಲಿ ಕಾರಿಗೂ ಸ್ಪೋರ್ಟ್ಸ್ ಕಾರಿಗೂ ಇನ್ಶೂರೆನ್ಸ್ ನಿಯಮ ಒಂದೇ. ಬೇರೆಯಾಗುವುದು ಬೆಲೆ ಮತ್ತು ಬಾಡಿ. ಒಂದು ಬಂಪರಿನ ಬೆಲೆಯಲ್ಲಿ ಸಣ್ಣ ಸೆಕೆಂಡ್ ಹ್ಯಾಂಡ್ ಕಾರೇ ಬರುತ್ತದೆ. ಬಿಡಿಭಾಗ ವಿದೇಶದಿಂದ ಬರಬೇಕು. ಬಾಡಿ ಅಲ್ಯೂಮಿನಿಯಂ ಅಥವಾ ಕಾರ್ಬನ್ ಫೈಬರ್ ಆಗಿದ್ದರೆ ಎಲ್ಲರಿಗೂ ರಿಪೇರಿ ಬರುವುದಿಲ್ಲ. ಹಾಗಾಗಿ ಮೊದಲ 24 ಗಂಟೆಯಲ್ಲಿ ನೀವು ಮಾಡುವ ಒಂದು ಸಣ್ಣ ತಪ್ಪು ಲಕ್ಷಗಳ ಲೆಕ್ಕದಲ್ಲಿ ಹೊಡೆತ ಕೊಡುತ್ತದೆ. ಹಾನಿ ಅಳೆಯಲು ಬರುವ ಇನ್ಶೂರೆನ್ಸ್ ಸರ್ವೇಯರ್ ನೋಡುವ ಮೊದಲು ಯಾರೂ ಒಂದು ಬೋಲ್ಟ್ ಕೂಡ ಬಿಚ್ಚಬಾರದು. ಇದೊಂದು ಮಾತು ನೆನಪಿಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಕೈಯಲ್ಲಿ ಇರಬೇಕಾದದ್ದು

ಆರ್‌ಸಿ, ಓಡಿಸುತ್ತಿದ್ದವರ ಡಿಎಲ್, ಪಾಲಿಸಿ. ಪಾಲಿಸಿ ಅಂದರೆ ಮೊದಲ ಒಂದು ಪುಟದ ಷೆಡ್ಯೂಲ್ ಮಾತ್ರ ಅಲ್ಲ, ಷರತ್ತುಗಳಿರುವ ಪೂರ್ತಿ ಪಿಡಿಎಫ್. ಅದನ್ನು ಈಗಲೇ ಫೋನಿನಲ್ಲಿ ಇಟ್ಟುಕೊಳ್ಳಿ.

ಷೆಡ್ಯೂಲ್‌ನಲ್ಲಿ ಎರಡು ತಾರೀಖು ಇರಬಹುದು, ಎರಡನ್ನೂ ನೋಡಿ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಥರ್ಡ್ ಪಾರ್ಟಿ ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ ರಕ್ಷಣೆ. ನಿಮ್ಮ ಕಾರಿಗೇ ಆದ ನಷ್ಟಕ್ಕೆ ಹಣ ಕೊಡುವುದು ಓನ್ ಡ್ಯಾಮೇಜ್ ಭಾಗ. ಅದು ಹೆಚ್ಚಾಗಿ ಒಂದೇ ವರ್ಷದ್ದು. "ಪಾಲಿಸಿ ಇನ್ನೂ ಚಾಲ್ತಿಯಲ್ಲಿದೆ" ಅಂದುಕೊಂಡವರು ಗುದ್ದಿದ ಮೇಲೆ ತೆಗೆದು ನೋಡಿದರೆ ಥರ್ಡ್ ಪಾರ್ಟಿ ಮಾತ್ರ ಉಳಿದಿರುತ್ತದೆ, ಓನ್ ಡ್ಯಾಮೇಜ್ ಯಾವಾಗಲೋ ಮುಗಿದಿರುತ್ತದೆ.

ಹಂತ 1: ಮೊದಲು ಜನ

ಹಜಾರ್ಡ್ ಲೈಟ್ ಹಾಕಿ, ಇಂಜಿನ್ ಆಫ್ ಮಾಡಿ, ಕಾರಿನಿಂದ ಇಳಿದು ರಸ್ತೆಯ ಪಕ್ಕಕ್ಕೆ ಬನ್ನಿ. ಯಾರಿಗಾದರೂ ಪೆಟ್ಟಾಗಿದ್ದರೆ 112 ಅಥವಾ 108. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಕೂಡ ಇದೆ.

ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಚಾಲಕನ ಕರ್ತವ್ಯ. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ "ದುಡ್ಡು ಯಾರು ಕಟ್ಟುತ್ತಾರೆ" ಎಂಬ ಮಾತು ಬಂದರೆ ಒಂದು ವಿಷಯ ಗೊತ್ತಿರಲಿ. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ.

ಸ್ಪೋರ್ಟ್ಸ್ ಕಾರು ಗುದ್ದಿತು ಅಂದರೆ ಎರಡು ನಿಮಿಷದಲ್ಲಿ ಜನ ಸೇರುತ್ತಾರೆ, ಎಲ್ಲರ ಕೈಯಲ್ಲೂ ಫೋನ್ ಇರುತ್ತದೆ. ತಪ್ಪು ಯಾರದ್ದೇ ಇರಲಿ, ವಾದಕ್ಕೆ ಇಳಿಯಬೇಡಿ. ಹೊಡೆದಾಟದ ಲಕ್ಷಣ ಕಂಡರೆ ಅಲ್ಲಿಂದ ಹೊರಟು ನೇರವಾಗಿ ಠಾಣೆಗೆ ಹೋಗಿ. ಜನರ ಆಕ್ರೋಶದ ಸಂದರ್ಭಕ್ಕೆ ಕಾನೂನಿನಲ್ಲೇ ಅವಕಾಶವಿದೆ. ಆದರೆ ಮನೆಗೆ ಹೋಗಿ ಮಲಗಬೇಡಿ.

ಎಚ್ಚರಿಕೆ: "ನನ್ನದೇ ತಪ್ಪು, ರಿಪೇರಿ ನಾನೇ ಮಾಡಿಸಿಕೊಡುತ್ತೇನೆ" ಎಂದು ಚೀಟಿ ಬರೆದುಕೊಡಬೇಡಿ. ಇನ್ಶೂರೆನ್ಸ್ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಗೆ, ಭರವಸೆ, ರಾಜಿ ಯಾವುದನ್ನೂ ಮಾಡಬಾರದು ಎಂದು ಪಾಲಿಸಿಯ ಷರತ್ತಿನಲ್ಲೇ ಇದೆ. ಪೆಟ್ಟಾದವರಿಗೆ ಸಹಾಯ ಮಾಡುವುದು ಬೇರೆ, ಕಾಗದಕ್ಕೆ ಸಹಿ ಹಾಕುವುದು ಬೇರೆ.

ಹಂತ 2: ಫೋಟೊ, ವಿಡಿಯೊ

ಯಾರಿಗೂ ಪೆಟ್ಟಾಗಿಲ್ಲ ಅಂದರೆ ಕಾರು ಸರಿಸುವ ಮೊದಲು ಎರಡು ನಿಮಿಷ ಫೋಟೊಗೆ ಕೊಡಿ. ಪೆಟ್ಟಾಗಿದ್ದರೆ ಪೊಲೀಸರು ಹೇಳುವವರೆಗೆ ಕಾರು ಮುಟ್ಟಲೇಬೇಡಿ. ಅವರು ಮಹಜರು ಮಾಡಬೇಕಾಗುತ್ತದೆ. ಮಹಜರು ಅಂದರೆ ಸ್ಥಳ ನೋಡಿ, ಸಾಕ್ಷಿಗಳ ಮುಂದೆ ಬರೆಯುವ ವರದಿ.

ನಾಲ್ಕೂ ಮೂಲೆಯಿಂದ ಕಾರು, ಎರಡೂ ವಾಹನಗಳ ನಂಬರ್ ಪ್ಲೇಟ್, ರಸ್ತೆಯ ಮೇಲಿನ ಟೈರ್ ಗುರುತು, ಚೆಲ್ಲಿದ ಆಯಿಲ್ ಅಥವಾ ಕೂಲೆಂಟ್, ಬಿದ್ದ ಚೂರುಗಳು. ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಂಡಿರುವ ವಾರ್ನಿಂಗ್ ಲೈಟ್‌ಗಳು ಮತ್ತು ಓಡಿದ ಕಿಲೋಮೀಟರ್ ಒಂದೇ ಫೋಟೊದಲ್ಲಿ ಬರಲಿ. ಕೊನೆಗೆ ಫೋನನ್ನು ನೆಲಕ್ಕೆ ತಾಗಿಸಿ ಕಾರಿನ ಅಡಿಭಾಗದ ವಿಡಿಯೊ ತೆಗೆಯಿರಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ, ಆಮೇಲೆ ಜಾಸ್ತಿ ಬೇಕಾಗುವುದೂ ಇದೇ. ಡ್ಯಾಶ್‌ಕ್ಯಾಮ್ ಇದ್ದರೆ ಅವತ್ತೇ ಮೆಮೊರಿ ಕಾರ್ಡ್ ಹೊರಗೆ ತೆಗೆದಿಡಿ. ಬಿಟ್ಟರೆ ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಕೂತುಬಿಡುತ್ತದೆ.

ಹಂತ 3: ಇಂಜಿನ್ ಸ್ಟಾರ್ಟ್ ಮಾಡಬೇಡಿ

ನನಗೆ ಅತಿ ಹೆಚ್ಚು ಸಂಕಟ ಕೊಡುವ ತಪ್ಪು ಇದು. ಕಾರು ನೋಡಲು ಪರವಾಗಿಲ್ಲ ಅನಿಸುತ್ತದೆ, "ಮೆಲ್ಲಗೆ ಮನೆವರೆಗೆ ಓಡಿಸಿಕೊಂಡು ಹೋಗೋಣ" ಅನಿಸುತ್ತದೆ. ಸ್ಪೋರ್ಟ್ಸ್ ಕಾರುಗಳ ಹೊಟ್ಟೆ ನೆಲಕ್ಕೆ ತೀರಾ ಹತ್ತಿರ. ಹಲವು ಕಾರುಗಳಲ್ಲಿ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಮೂಲೆಯಲ್ಲಿ, ಕೆಳಗೆ ಕೂತಿರುತ್ತವೆ. ಹಂಪ್ಸ್‌ಗೋ ಡಿವೈಡರ್‌ಗೋ ಹೊಡೆದಾಗ ರೇಡಿಯೇಟರ್ ಸೀಳುತ್ತದೆ, ಇಲ್ಲವೇ ಆಯಿಲ್ ಸಂಪ್ ಬಿರುಕು ಬಿಡುತ್ತದೆ. ಸಂಪ್ ಅಂದರೆ ಇಂಜಿನ್ ಆಯಿಲ್ ನಿಲ್ಲುವ ತಳದ ತಟ್ಟೆ. ಆಯಿಲ್ ಇಲ್ಲದೆ ನಾಲ್ಕು ಕಿಲೋಮೀಟರ್ ಓಡಿಸಿದರೆ ಇಂಜಿನ್ ಸೀಜ್ ಆಗುತ್ತದೆ.

ಆಗ ಕಂಪನಿ ಸಂಪ್‌ನ ಬೆಲೆ ಕೊಡುತ್ತದೆ, ಇಂಜಿನ್ನಿನ ಬೆಲೆ ಕೊಡುವುದಿಲ್ಲ. ಗುದ್ದಿದ್ದರಿಂದ ಆದದ್ದು ಸಂಪ್ ಒಡೆದದ್ದು ಮಾತ್ರ. ಇಂಜಿನ್ ಹೋದದ್ದು ನೀವು ಓಡಿಸಿದ್ದರಿಂದ. ಇದಕ್ಕೆ ಕಾನ್ಸಿಕ್ವೆನ್ಷಿಯಲ್ ಲಾಸ್ ಅನ್ನುತ್ತಾರೆ, ಅಂದರೆ ಒಂದು ನಷ್ಟದ ಬಾಲ ಹಿಡಿದು ಬಂದ ಇನ್ನೊಂದು ನಷ್ಟ. ಮಾಮೂಲಿ ಪಾಲಿಸಿಯಲ್ಲಿ ಇದಕ್ಕೆ ರಕ್ಷಣೆ ಇಲ್ಲ. ಇಂಜಿನ್ ಪ್ರೊಟೆಕ್ಟ್ ಎಂಬ ಆಡ್-ಆನ್ ಇದ್ದರೂ, ಗೊತ್ತಿದ್ದೂ ಓಡಿಸಿದಿರಿ ಎಂದು ಬರೆದುಬಿಟ್ಟರೆ ಕಷ್ಟ. ಆಡ್-ಆನ್ ಅಂದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಂಡ ರಕ್ಷಣೆ.

ಇನ್ನು ಟೋಯಿಂಗ್. ಫ್ಲಾಟ್‌ಬೆಡ್ ಮಾತ್ರ ಕರೆಸಿ, ಅಂದರೆ ಇಡೀ ಕಾರನ್ನು ಮೇಲೆ ಹತ್ತಿಸಿಕೊಳ್ಳುವ ಚಪ್ಪಟೆ ಲಾರಿ. ಎರಡು ಚಕ್ರ ಎತ್ತಿ ಎಳೆಯುವ ಗಾಡಿ ಬೇಡವೇ ಬೇಡ. ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ ಕಾರಿನ ಗೇರ್‌ಬಾಕ್ಸ್ ಅದರಿಂದ ಹಾಳಾಗುತ್ತದೆ. ಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್ ಆರ್ಮ್‌ಗೆ ಹುಕ್ ಹಾಕಲೂ ಬಿಡಬೇಡಿ. ಸ್ಕ್ರೂ ಮಾಡಿ ಕೂರಿಸುವ ಟೋ ಹುಕ್ ಕಾರಿನ ಟೂಲ್‌ಕಿಟ್‌ನಲ್ಲೇ ಇರುತ್ತದೆ, ಬಂಪರಿನ ಸಣ್ಣ ಮುಚ್ಚಳದ ಹಿಂದೆ ಅದರ ಜಾಗ. ಪೋರ್ಷೆ 911ನಂಥ ಕಾರಿನಲ್ಲಿ ಆ ಟೂಲ್‌ಕಿಟ್ ಮುಂದಿನ ಡಿಕ್ಕಿಯಲ್ಲಿದೆ, ಆ ಡಿಕ್ಕಿ ತೆರೆಯುವುದು ಕರೆಂಟಿನಿಂದ. ಬ್ಯಾಟರಿ ಸತ್ತರೆ ಅದು ತೆರೆಯುವುದಿಲ್ಲ. ಹಾಗಾಗಿ ಬ್ಯಾಟರಿ ಇರುವಾಗಲೇ ಹುಕ್ ಹೊರಗೆ ತೆಗೆದುಕೊಳ್ಳಿ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಆದರೆ ಕಿತ್ತಳೆ ಬಣ್ಣದ ಕೇಬಲ್ ಹತ್ತಿರ ಯಾರನ್ನೂ ಬಿಡಬೇಡಿ, ಅದು ಹೈ ವೋಲ್ಟೇಜ್.

ಮಾಮೂಲಿ ಪಾಲಿಸಿಯಲ್ಲಿ ಟೋಯಿಂಗ್‌ಗೆ ಸಿಗುವುದು 1,500 ರೂಪಾಯಿವರೆಗೆ ಮಾತ್ರ. ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಅವರಿಗೇ ಫೋನ್ ಮಾಡಿ, "ತಗ್ಗಿನ ಕಾರು, ಫ್ಲಾಟ್‌ಬೆಡ್ಡೇ ಬೇಕು" ಎಂದು ಮೊದಲೇ ಹೇಳಿ.

ಹಂತ 4: ಕಂಪನಿಗೆ ತಿಳಿಸಿ, ನಿಜ ಹೇಳಿ

ಅವತ್ತೇ ಆ್ಯಪ್‌ನಲ್ಲೋ ಫೋನಿನಲ್ಲೋ ಕ್ಲೇಮ್ ನಂಬರ್ ಪಡೆಯಿರಿ. ಗಾಯ, ಸಾವು ಅಥವಾ ಬೇರೆಯವರ ಆಸ್ತಿಗೆ ಹಾನಿ ಇದ್ದರೆ ಎಫ್‌ಐಆರ್ ಬೇಕು. ನಿಮ್ಮ ಕಾರಿಗೆ ಮಾತ್ರ ಹಾನಿಯಾಗಿದ್ದರೆ ಹೆಚ್ಚಿನ ಕಂಪನಿಗಳು ಎಫ್‌ಐಆರ್ ಕೇಳುವುದಿಲ್ಲ. ಆದರೂ ಬಿಲ್ ದೊಡ್ಡದಾಗುವ ಕಾರು ಅಲ್ವಾ, ಠಾಣೆಯಲ್ಲಿ ಒಂದು ದೂರು ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಓಡಿಸುತ್ತಿದ್ದವರು ಯಾರೋ ಅವರ ಹೆಸರನ್ನೇ ಹೇಳಿ. ತಮ್ಮನೋ ಸ್ನೇಹಿತನೋ ಓಡಿಸುತ್ತಿದ್ದರೂ ಸರಿಯಾದ ಡಿಎಲ್ ಇದ್ದರೆ ಕ್ಲೇಮ್ ಸಿಗುತ್ತದೆ. ಸುಮ್ನೆ "ನಾನೇ ಓಡಿಸುತ್ತಿದ್ದೆ" ಅಂದು, ಆಮೇಲೆ ಸಿಸಿಟಿವಿಯಲ್ಲಿ ಬೇರೆ ಮುಖ ಕಂಡರೆ, ಸಿಗಬೇಕಾದ ಹಣವೂ ಹೋಗುತ್ತದೆ. ವೇಗದ ವಿಷಯವೂ ಅಷ್ಟೇ. ಗುದ್ದುವ ಮೊದಲಿನ ಕೆಲವು ಸೆಕೆಂಡುಗಳ ವೇಗ, ಬ್ರೇಕ್ ವಿವರ ಹಲವು ಕಾರುಗಳ ಏರ್‌ಬ್ಯಾಗ್ ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ.

ಕ್ಲೇಮ್ ಬಿದ್ದುಹೋಗುವ ಜಾಗಗಳು ಇವು.

ಕುಡಿದು ಓಡಿಸಿದ್ದು, ಡಿಎಲ್ ಇಲ್ಲದ್ದು. ಇವುಗಳ ಬಗ್ಗೆ ಹೇಳುವುದೇ ಬೇಡ.

ಟ್ರ್ಯಾಕ್. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇರಲಿ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಇರಲಿ, ಅಲ್ಲಿ ಗುದ್ದಿದರೆ ಮಾಮೂಲಿ ಪಾಲಿಸಿ ಹಣ ಕೊಡುವುದಿಲ್ಲ. ಸಂಘಟಿತ ರೇಸ್, ಸ್ಪೀಡ್ ಟೆಸ್ಟ್, ಪೇಸ್ ಮೇಕಿಂಗ್ ಎಲ್ಲವೂ "ಬಳಕೆಯ ಮಿತಿ" ಎಂಬ ಷರತ್ತಿನ ಹೊರಗಿವೆ. ಟ್ರ್ಯಾಕಿನಲ್ಲಿ ಗುದ್ದಿದ ಕಾರನ್ನು ಹೊಸೂರು ರಸ್ತೆಗೆ ತಂದು ನಿಲ್ಲಿಸಿ ಕ್ಲೇಮ್ ಮಾಡುವ ಸಲಹೆ ಕೊಡುವವರಿದ್ದಾರೆ. ಅದು ವಂಚನೆ. ದಯವಿಟ್ಟು ಆ ದಾರಿಗೆ ಹೋಗಬೇಡಿ.

ಮಾಡಿಫಿಕೇಷನ್. ಬೇರೆ ಎಕ್ಸಾಸ್ಟ್, ಬೇರೆ ವೀಲ್, ಇಂಜಿನ್ ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಇಂಜಿನ್ನಿನ ಸಾಫ್ಟ್‌ವೇರ್ ಬದಲಿಸುವುದು), ಪೇಂಟ್ ಕಾಪಾಡಲು ಮೇಲೆ ಅಂಟಿಸುವ ಪಿಪಿಎಫ್ ಫಿಲ್ಮ್. ಪಾಲಿಸಿಯಲ್ಲಿ ಬರೆಸದಿದ್ದರೆ ಅವುಗಳ ಬೆಲೆ ಸಿಗುವುದಿಲ್ಲ. ರೀಮ್ಯಾಪ್‌ನಂಥದ್ದು ಇಡೀ ಕ್ಲೇಮನ್ನೇ ತಕರಾರಿಗೆ ಎಳೆಯಬಹುದು.

ಸೆಕೆಂಡ್ ಹ್ಯಾಂಡ್. ಈ ಕಾರುಗಳು ದೆಹಲಿ, ಮುಂಬೈ, ಕೇರಳದಿಂದ ಕೈ ಬದಲಾಗಿ ಬರುವುದು ಜಾಸ್ತಿ. ಕಾರು ನಿಮ್ಮ ಹೆಸರಿಗೆ ಆದ 14 ದಿನದೊಳಗೆ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ಕಂಪನಿಗೆ ತಿಳಿಸಬೇಕು. ಆರ್‌ಸಿ ನಿಮ್ಮ ಹೆಸರಿನಲ್ಲಿ, ಪಾಲಿಸಿ ಹಳೆಯ ಮಾಲೀಕರ ಹೆಸರಿನಲ್ಲಿ ಇದ್ದರೆ ಓನ್ ಡ್ಯಾಮೇಜ್ ಹಣ ಇಬ್ಬರಿಗೂ ಸಿಗದೆ ಹೋಗಬಹುದು.

ಹಂತ 5: ಯಾವ ಗ್ಯಾರೇಜು?

ಕ್ಯಾಶ್‌ಲೆಸ್ ಇದೆಯಾ ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಕ್ಯಾಶ್‌ಲೆಸ್ ಅಂದರೆ ಕಂಪನಿ ನೇರವಾಗಿ ಗ್ಯಾರೇಜಿಗೆ ಹಣ ಕಟ್ಟುವುದು, ನೀವು ನಿಮ್ಮ ಪಾಲು ಮಾತ್ರ ಕೊಡುವುದು. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಈ ಬಾಡಿಯನ್ನು ರಿಪೇರಿ ಮಾಡಲು ಅವರಿಗೆ ಬರುತ್ತದಾ ಎಂಬುದು ಮೊದಲ ಪ್ರಶ್ನೆ.

ನಮ್ಮ ಟಿಂಕರಿಂಗ್ ಮೇಸ್ತ್ರಿಗಳು ಉಕ್ಕಿನ ಬಾಡಿಯಲ್ಲಿ ಪಳಗಿದವರು. ಬಿಸಿ ಮಾಡಿ, ಬಡಿದು, ಎಳೆದು ಸರಿಮಾಡುತ್ತಾರೆ. ಅದೇ ಕೈಚಳಕ ಅಲ್ಯೂಮಿನಿಯಂ ಮೇಲೆ ನಡೆಯುವುದಿಲ್ಲ. ಅಲ್ಯೂಮಿನಿಯಂ ಒಮ್ಮೆ ಬಾಗಿದರೆ ಆ ಜಾಗದಲ್ಲಿ ಗಟ್ಟಿಯಾಗುತ್ತದೆ, ಮತ್ತೆ ಬಗ್ಗಿಸಿದರೆ ಬಿರುಕು ಬಿಡುತ್ತದೆ. ಜಾಸ್ತಿ ಬಿಸಿ ತಾಗಿದರೆ ಶಕ್ತಿ ಕಳೆದುಕೊಳ್ಳುತ್ತದೆ, ಬಿಸಿಯಾಗಿದೆ ಎಂದು ಬಣ್ಣ ಬದಲಾಯಿಸಿ ತೋರಿಸುವುದೂ ಇಲ್ಲ. ಉಕ್ಕು ಉಜ್ಜಿದ ಡಿಸ್ಕಿನಿಂದಲೇ ಅಲ್ಯೂಮಿನಿಯಂ ಉಜ್ಜಿದರೆ ಉಕ್ಕಿನ ಕಣ ಒಳಗೆ ಸೇರಿ, ತೇವ ಸಿಕ್ಕಾಗ ಪೇಂಟಿನ ಕೆಳಗೆ ಅಲ್ಯೂಮಿನಿಯಂ ಕೊರೆಯಲು ಶುರುವಾಗುತ್ತದೆ. ಅದಕ್ಕೇ ಅಲ್ಯೂಮಿನಿಯಂಗೆ ಬೇರೆ ಕೋಣೆ, ಬೇರೆ ಟೂಲ್ ಇರಬೇಕು.

ಕಾರು ಕಾರಿಗೂ ವ್ಯತ್ಯಾಸವಿದೆ. ಫೋರ್ಡ್ ಮಸ್ಟಾಂಗ್‌ನ ಬಾಡಿ ಹೆಚ್ಚಾಗಿ ಉಕ್ಕು, ಬಾನೆಟ್ ಅಲ್ಯೂಮಿನಿಯಂ. ಈಚಿನ 911ಗಳಲ್ಲಿ ಉಕ್ಕು, ಅಲ್ಯೂಮಿನಿಯಂ ಎರಡೂ ಬೆರೆತಿವೆ. ಜಾಗ್ವಾರ್ ಎಫ್-ಟೈಪ್‌ನ ಅಲ್ಯೂಮಿನಿಯಂ ಬಾಡಿಯನ್ನು ಅಂಟು ಮತ್ತು ರಿವೆಟ್‌ನಿಂದ ಜೋಡಿಸಿದ್ದಾರೆ. ಲ್ಯಾಂಬೋರ್ಗಿನಿ ಹುರಾಕಾನ್‌ನಲ್ಲಿ ಅಲ್ಯೂಮಿನಿಯಂ ಜೊತೆ ಕಾರ್ಬನ್ ಫೈಬರ್. ಮೆಕ್ಲಾರೆನ್‌ನಲ್ಲಿ ನೀವು ಕೂರುವ ತೊಟ್ಟಿಯೇ ಕಾರ್ಬನ್. ಕಾರ್ಬನ್ ಫೈಬರ್ ಡೆಂಟ್ ಆಗುವುದಿಲ್ಲ. ಹೊರಗೆ ಸಣ್ಣ ಗೀರು ಕಾಣುತ್ತದೆ, ಒಳಗೆ ಪದರಗಳು ಬಿಟ್ಟುಕೊಂಡಿರುತ್ತವೆ.

ಗ್ಯಾರೇಜಿನಲ್ಲಿ ಹೀಗೆ ಕೇಳಿ: ಅಲ್ಯೂಮಿನಿಯಂಗೆ ಬೇರೆ ಜಾಗ ಇದೆಯಾ, ತೋರಿಸಿ. ಈ ಮಾಡೆಲ್‌ನ ಅಳತೆ ಹಾಕುವ ಬೆಂಚ್ ಇದೆಯಾ? ತಯಾರಕರ ರಿಪೇರಿ ಮ್ಯಾನುಯಲ್ ಇಟ್ಟುಕೊಂಡು ಮಾಡುತ್ತೀರಾ? "ಅದೆಲ್ಲ ನಮಗೆ ಬಿಡಿ ಸರ್" ಎಂಬ ಉತ್ತರ ಬಂದರೆ ಕಾರು ಬಿಡಬೇಡಿ.

ಬ್ರಾಂಡೇ ದೇಶ ಬಿಟ್ಟಿದ್ದರೆ ಸ್ವಲ್ಪ ಜಾಸ್ತಿ ತಾಳ್ಮೆ ಬೇಕು. ಮಸ್ಟಾಂಗ್ 2016ರಲ್ಲಿ ಇಲ್ಲಿಗೆ ಬಂತು, 2021ರಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿ ನಿಲ್ಲಿಸುವುದಾಗಿ ಹೇಳಿತು. ಇಂಥ ಕಾರಿಗೆ ಗ್ಯಾರೇಜು ಆರಿಸುವ ಮೊದಲೇ ಬಿಡಿಭಾಗ ಎಲ್ಲಿಂದ, ಎಷ್ಟು ದಿನದಲ್ಲಿ ಬರುತ್ತದೆ ಎಂದು ಬರಹದಲ್ಲಿ ಪಡೆಯಿರಿ.

ಹಂತ 6: ಸರ್ವೇಯರ್

ಸರ್ವೇಯರ್ ಅಂದರೆ ಹಾನಿ ನೋಡಿ, ಎಷ್ಟು ಹಣ ಸಿಗಬೇಕು ಎಂದು ವರದಿ ಬರೆಯುವವರು. ಲೈಸೆನ್ಸ್ ಕೊಡುವುದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ. 2024ರ ಅದರ ಸುತ್ತೋಲೆ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನದೊಳಗೆ ವರದಿ ಬರಬೇಕು, ವರದಿ ಬಂದ 7 ದಿನದೊಳಗೆ ಕಂಪನಿ ತೀರ್ಮಾನ ಹೇಳಬೇಕು. ತಡವಾದರೆ ಈ ಮೂರು ಅಂಕಿಗಳನ್ನು ಇಮೇಲ್‌ನಲ್ಲಿ ನೆನಪಿಸಿ. ಕೆಲಸ ಬೇಗ ಸಾಗುತ್ತದೆ.

ಸರ್ವೇಯರ್ ಬರುವ ದಿನ ನೀವೂ ಗ್ಯಾರೇಜಿನಲ್ಲಿ ಇರಿ. ಹೊರಗಿನ ಹಾನಿ ನೋಡಿದ ಮೇಲೆ ಬಂಪರ್, ಬಾನೆಟ್ ಬಿಚ್ಚಿ ಒಳಗೆ ನೋಡಬೇಕು. ಆಗ ಹೊಸ ಹಾನಿ ಸಿಕ್ಕೇ ಸಿಗುತ್ತದೆ: ಕ್ರ್ಯಾಶ್ ಬಾರ್, ರೇಡಿಯೇಟರ್ ಬ್ರಾಕೆಟ್, ಬಂಪರ್ ಹಿಂದಿನ ರೇಡಾರ್, ವೈರಿಂಗ್. ಇದಕ್ಕೆ ಗ್ಯಾರೇಜು ಸಪ್ಲಿಮೆಂಟರಿ ಎಸ್ಟಿಮೇಟ್ ಕೊಡುತ್ತದೆ, ಅಂದರೆ ಪೂರಕ ಅಂದಾಜು ಪಟ್ಟಿ. ಪ್ರತಿ ಸಲ ಸರ್ವೇಯರ್ ಮತ್ತೆ ನೋಡಿ ಒಪ್ಪಬೇಕು. ಬಾಯಿಮಾತಿನ ಒಪ್ಪಿಗೆ ಸಾಲದು.

ನನ್ನದೇ ಕಾರಿನ ವಿಷಯದಲ್ಲಿ ಒಂದು ಗ್ಯಾರೇಜು ಸರ್ವೇಯರ್ ಬರುವ ಮೊದಲೇ ಬಂಪರ್ ಬಿಚ್ಚಿ, ಮುರಿದ ಬ್ರಾಕೆಟ್‌ಗಳನ್ನು ಗುಜರಿಗೆ ಹಾಕಿತ್ತು. ಮುರಿದದ್ದು ಕಣ್ಣಿಗೆ ಕಾಣದ ಮೇಲೆ ಸರ್ವೇಯರ್ ಹೇಗೆ ಬರೆಯುತ್ತಾರೆ? ಆ ಹಣ ನಾನೇ ಕಟ್ಟಿದೆ. ಅಂದಿನಿಂದ ಹಳೆಯ ಭಾಗಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಸಿ, ಮೇಲೆ ಕ್ಲೇಮ್ ನಂಬರ್ ಬರೆಸುತ್ತೇನೆ. ಕಂಪನಿ ಕೊನೆಯಲ್ಲಿ ಮರುತಪಾಸಣೆ ಮಾಡುವಾಗ ಹಳೆಯ ಭಾಗ ಕೇಳುತ್ತದೆ.

ಸರ್ವೇಯರ್ ಇರುವಾಗಲೇ ಇವುಗಳನ್ನು ಪಟ್ಟಿಗೆ ಸೇರಿಸಿ: ಚಕ್ರದ ರಿಮ್‌ನ ಬಿರುಕು ಪರೀಕ್ಷೆ, ಕಾರ್ಬನ್ ಸೆರಾಮಿಕ್ ಬ್ರೇಕ್ ಡಿಸ್ಕ್ ಇದ್ದರೆ ಅದರ ಪರೀಕ್ಷೆ, ನಾಲ್ಕೂ ಚಕ್ರದ ಅಲೈನ್‌ಮೆಂಟ್, ಇಡೀ ಕಾರಿನ ಫಾಲ್ಟ್ ಕೋಡ್ ಸ್ಕ್ಯಾನ್, ರೇಡಾರ್ ಮತ್ತು ಕ್ಯಾಮೆರಾ ಮರುಹೊಂದಿಕೆ. ಆಮೇಲೆ ನೆನಪಾಗಿ ಕೇಳಿದರೆ ನಿಮ್ಮ ಜೇಬಿನಿಂದಲೇ.

ಹಂತ 7: ಹಣದ ಲೆಕ್ಕ

ಇಲ್ಲಿ ಹೆಚ್ಚಿನವರಿಗೆ ಆಘಾತವಾಗುತ್ತದೆ. "ಫುಲ್ ಇನ್ಶೂರೆನ್ಸ್ ಇದೆ" ಅಂದರೆ ಪೂರ್ತಿ ಹಣ ಬರುತ್ತದೆ ಎಂದಲ್ಲ. ಹೊಸ ಭಾಗ ಹಾಕುವಾಗ ಹಳೆಯದರ ಸವಕಳಿಯನ್ನು ಕಳೆಯುತ್ತಾರೆ. ಇದಕ್ಕೆ ಡಿಪ್ರಿಸಿಯೇಷನ್ ಅನ್ನುತ್ತಾರೆ. ರಬ್ಬರ್, ಪ್ಲಾಸ್ಟಿಕ್, ಟೈರ್, ಬ್ಯಾಟರಿ, ಏರ್‌ಬ್ಯಾಗ್ ಇವಕ್ಕೆ ಶೇ. 50. ಫೈಬರ್ ಗ್ಲಾಸ್‌ಗೆ ಶೇ. 30. ಗಾಜಿಗೆ ಏನೂ ಇಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಮೇಲೆ: ಮೊದಲ 6 ತಿಂಗಳು ಇಲ್ಲ, 1ರಿಂದ 2 ವರ್ಷಕ್ಕೆ ಶೇ. 10, 3ರಿಂದ 4 ವರ್ಷಕ್ಕೆ ಶೇ. 25, 5ರಿಂದ 10 ವರ್ಷಕ್ಕೆ ಶೇ. 40. ಪೇಂಟಿಂಗ್ ಬಿಲ್ ಒಟ್ಟಾಗಿ ಇದ್ದರೆ ಅದರ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು, ಅದರಲ್ಲಿ ಅರ್ಧ ಕಳೆಯುತ್ತಾರೆ.

ಮೂರೂವರೆ ವರ್ಷದ ಕಾರು ಎಂದು ಇಟ್ಟುಕೊಳ್ಳಿ. ಬಂಪರ್ 2 ಲಕ್ಷ, ಅಲ್ಯೂಮಿನಿಯಂ ಬಾನೆಟ್ 3 ಲಕ್ಷ, ಏರ್‌ಬ್ಯಾಗ್ 1.5 ಲಕ್ಷ, ಪೇಂಟಿಂಗ್ 1 ಲಕ್ಷ, ಕೂಲಿ 1.5 ಲಕ್ಷ. ಒಟ್ಟು 9 ಲಕ್ಷ. ಕಡಿತ: ಬಂಪರಿಗೆ 1 ಲಕ್ಷ, ಬಾನೆಟ್‌ಗೆ 75,000, ಏರ್‌ಬ್ಯಾಗ್‌ಗೆ 75,000, ಪೇಂಟಿಂಗ್‌ಗೆ 12,500. ಜೊತೆಗೆ 1,500 ಸಿಸಿ ಮೀರಿದ ಕಾರಿಗೆ ಕಡ್ಡಾಯ ಕಡಿತ 2,000. ನಿಮ್ಮ ಪಾಲು 2,64,500 ರೂಪಾಯಿ.

ಜೀರೋ ಡಿಪ್ರಿಸಿಯೇಷನ್ ಆಡ್-ಆನ್ ಇದ್ದರೆ ಈ ಕಡಿತದ ಹೆಚ್ಚಿನ ಭಾಗ ನಿಮಗೆ ಉಳಿತಾಯವಾಗುತ್ತದೆ. ಗ್ಯಾರೇಜಿನವರು ಬಂಪರ್ ಟು ಬಂಪರ್ ಅನ್ನುವುದು ಇದನ್ನೇ. ವರ್ಷಕ್ಕೆ ಎಷ್ಟು ಕ್ಲೇಮ್ ಎಂಬ ಮಿತಿ ಅದರಲ್ಲಿ ಇರುತ್ತದೆ, ನೋಡಿಕೊಳ್ಳಿ. ಆಯಿಲ್, ಕೂಲೆಂಟ್, ನಟ್ಟು, ಕ್ಲಿಪ್ಪು ಇವಕ್ಕೆ ಕನ್ಸ್ಯೂಮಬಲ್ಸ್ ಆಡ್-ಆನ್ ಬೇರೆ. ಅಂಟು ಮತ್ತು ರಿವೆಟ್‌ನಿಂದ ಜೋಡಿಸಿದ ಬಾಡಿಗೆ ಈ "ಸಣ್ಣ" ವಸ್ತುಗಳ ಬಿಲ್ಲೇ ದೊಡ್ಡದಾಗುತ್ತದೆ.

ಎಚ್ಚರಿಕೆ: ಕಾರ್ಬನ್ ಫೈಬರ್ ಭಾಗ ಈ ಹಳೆಯ ಪಟ್ಟಿಯಲ್ಲಿ ಹೆಸರಿಟ್ಟು ಇಲ್ಲ. ಕೆಲವರು ಅದನ್ನು ಪ್ಲಾಸ್ಟಿಕ್ ಎಂದು ಶೇ. 50 ಕಳೆಯಲು ನೋಡುತ್ತಾರೆ. ಯಾವ ಗುಂಪಿಗೆ ಹಾಕಿದ್ದಾರೆ, ಯಾಕೆ ಎಂದು ಲಿಖಿತವಾಗಿ ಕೇಳಿ. ಒಂದೇ ಭಾಗದಲ್ಲಿ ಲಕ್ಷದ ವ್ಯತ್ಯಾಸ ಬರಬಹುದು.

ಸಣ್ಣ ಹಾನಿಗೆ ಕ್ಲೇಮ್ ಮಾಡಬೇಕಾ? ಎನ್‌ಸಿಬಿ ಲೆಕ್ಕ ಹಾಕಿ. ಎನ್‌ಸಿಬಿ ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ: ಶೇ. 20, 25, 35, 45, ಕೊನೆಗೆ 50. ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಇಳಿಯುತ್ತದೆ. ರಿಯಾಯಿತಿಗೆ ಮೊದಲು ನಿಮ್ಮ ಪ್ರೀಮಿಯಂ 1.5 ಲಕ್ಷ, ಎನ್‌ಸಿಬಿ ಶೇ. 50 ಇದೆ ಅಂದರೆ ಈಗ 75,000 ಕಟ್ಟುತ್ತಿದ್ದೀರಿ. ಕ್ಲೇಮ್ ಆದ ಮುಂದಿನ ವರ್ಷ 75,000 ಜಾಸ್ತಿ, ಆಮೇಲೆ 45,000, 37,500, 22,500, 7,500. ಐದು ವರ್ಷದಲ್ಲಿ 1,87,500. ಕಾರಿನ ಮೌಲ್ಯ ಇಳಿದಂತೆ ಪ್ರೀಮಿಯಂ ಕೂಡ ಇಳಿಯುವುದರಿಂದ ನಿಜವಾದ ಅಂಕಿ ಸ್ವಲ್ಪ ಕಡಿಮೆ. ಆದರೂ ಒಂದು ಲಕ್ಷದ ಗೀರಿಗೆ ಕ್ಲೇಮ್ ಮಾಡುವ ಮೊದಲು ಯೋಚಿಸಿ. ಎನ್‌ಸಿಬಿ ಪ್ರೊಟೆಕ್ಟ್ ಆಡ್-ಆನ್ ಇದ್ದವರಿಗೆ ಈ ಚಿಂತೆ ಇಲ್ಲ.

ತಪ್ಪು ಎದುರಿನವರದ್ದಾದರೆ ಅವರ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಿಂದ ಕೇಳಬಹುದು. ಅದಕ್ಕೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬೇಕು, ಖಾಸಗಿ ಕಾರಿನ ಪಾಲಿಸಿಯಲ್ಲಿ ಆಸ್ತಿ ಹಾನಿಗೆ ಮಿತಿ 7.5 ಲಕ್ಷ, ಸಮಯವೂ ಹಿಡಿಯುತ್ತದೆ. ಹೆಚ್ಚಿನವರು ತಮ್ಮ ಓನ್ ಡ್ಯಾಮೇಜ್‌ನಲ್ಲೇ ರಿಪೇರಿ ಮಾಡಿಸಿಕೊಳ್ಳುವುದು ಇದೇ ಕಾರಣಕ್ಕೆ.

ಹಂತ 8: ಟೋಟಲ್ ಲಾಸ್ ಆದರೆ

ರಿಪೇರಿ ವೆಚ್ಚ ಐಡಿವಿಯ ಶೇ. 75 ಮೀರಿದರೆ ಕಾರನ್ನು ಪೂರ್ತಿ ನಷ್ಟ ಎಂದು ತೀರ್ಮಾನಿಸುತ್ತಾರೆ. ಐಡಿವಿ ಅಂದರೆ ಪಾಲಿಸಿ ಮಾಡುವಾಗ ಕಾರಿಗೆ ಕಟ್ಟಿದ ಬೆಲೆ. ಅದರಲ್ಲಿ ನೀವು ಕಟ್ಟಿದ ರಸ್ತೆ ತೆರಿಗೆ ಸೇರಿಲ್ಲ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿನ ಆಜೀವ ತೆರಿಗೆ ಶೇ. 18, ಮೇಲೆ ಸೆಸ್. ಒಂದು ಕೋಟಿಯ ಕಾರಿನಲ್ಲಿ ಆ ನಷ್ಟ ಎಷ್ಟೆಂದು ನೀವೇ ನೋಡಿ. ರಿಟರ್ನ್ ಟು ಇನ್ವಾಯ್ಸ್ ಆಡ್-ಆನ್ ಇದ್ದರೆ ಇನ್ವಾಯ್ಸ್ ಬೆಲೆ ಸಿಗುತ್ತದೆ, ಹಲವು ಪಾಲಿಸಿಗಳಲ್ಲಿ ತೆರಿಗೆಯೂ. ಸಾಲ ಇದ್ದರೆ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ.

ಗುದ್ದಿದ ಕಾರನ್ನು ಕೊಂಡವರು ಹಣ ಕೊಟ್ಟು ತೆಗೆದುಕೊಂಡು ಹೋಗುತ್ತಾರೆ, ಆರ್‌ಸಿ ಮಾತ್ರ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಇದು ಅಪಾಯ. ಹೆಸರು ವರ್ಗಾವಣೆ ಅಥವಾ ಆರ್‌ಸಿ ರದ್ದು ಆಗುವವರೆಗೆ ಬೆನ್ನು ಬಿಡಬೇಡಿ.

ಕಂಪನಿ ಒಪ್ಪದಿದ್ದರೆ

ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತ ದೂರು. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ತಕರಾರು ತೀರಿಸುವ ಅಧಿಕಾರಿ. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಆದರೆ ಕಾರು ದೊಡ್ಡ ಕಂಪನಿಯ ಹೆಸರಿನಲ್ಲಿದ್ದರೆ ಈ ಬಾಗಿಲು ಇಲ್ಲ. ಸ್ಪೋರ್ಟ್ಸ್ ಕಾರುಗಳಲ್ಲಿ ಇದು ಸಾಮಾನ್ಯ, ಹಾಗಾಗಿ ಹೇಳಿದೆ. ಅದರಾಚೆ ಗ್ರಾಹಕ ಆಯೋಗ, ಎರಡು ವರ್ಷದೊಳಗೆ.

ಹಂತ 9: ರಿಪೇರಿ ಮತ್ತು ಡೆಲಿವರಿ

ಬಿಡಿಭಾಗಕ್ಕೆ ಕಾಯುವಾಗ ಕಾರು ಎಲ್ಲಿ ನಿಂತಿದೆ ಎಂದು ನೋಡಿ. ಬಾನೆಟ್ ಬಿಚ್ಚಿದ ಕಾರು ಮಳೆಯಲ್ಲಿ ನಿಲ್ಲಬಾರದು. ಬ್ಯಾಟರಿಗೆ ಚಾರ್ಜರ್ ಹಾಕಿರಬೇಕು. ವಾರಕ್ಕೊಮ್ಮೆ ಹೋಗಿ ಫೋಟೊ ತೆಗೆಯಿರಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗುದ್ದಿದಾಗ ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ಏರ್‌ಬ್ಯಾಗ್ ಜೊತೆ ಸೀಟ್ ಬೆಲ್ಟ್ ಟೆನ್ಷನರ್ ಕೂಡ ಹೊಸದಾಗಬೇಕು, ಕಂಟ್ರೋಲ್ ಮಾಡ್ಯೂಲ್ ವಿಷಯದಲ್ಲಿ ತಯಾರಕರು ಹೇಳಿದಂತೆಯೇ ಆಗಬೇಕು. ಕಡಿಮೆ ದುಡ್ಡಿಗೆ ಲೈಟ್ ಆರಿಸಿಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಲೈಟ್ ಆರುತ್ತದೆ, ಮುಂದಿನ ಸಲ ಬ್ಯಾಗ್ ಬಿಚ್ಚದೇ ಇರಬಹುದು.

ಡೆಲಿವರಿಯನ್ನು ಹಗಲಿನಲ್ಲೇ ತೆಗೆದುಕೊಳ್ಳಿ. ಬಿಸಿಲಿನಲ್ಲಿ ಪೇಂಟಿನ ಬಣ್ಣ ಪಕ್ಕದ ಪ್ಯಾನೆಲ್ ಜೊತೆ ಹೊಂದುತ್ತದಾ, ಎರಡೂ ಬದಿಯ ಸಂದು ಒಂದೇ ಅಗಲ ಇದೆಯಾ ನೋಡಿ. ಬಾಡಿ ಅಳತೆಯ ವರದಿ, ಅಲೈನ್‌ಮೆಂಟ್ ಶೀಟ್, ಕೊನೆಯ ಸ್ಕ್ಯಾನ್ ವರದಿ, ಹೊಸ ಭಾಗಗಳ ಪಾರ್ಟ್ ನಂಬರ್ ಇರುವ ಬಿಲ್ ಕೈಗೆ ಬರಲಿ. ಮುಂದೆ ಕಾರು ಮಾರುವಾಗ ಕೊಳ್ಳುವವರು ಕೇಳುವುದು ಇವನ್ನೇ. ಅರ್ಧ ಗಂಟೆ ಓಡಿಸಿ ನೋಡಿದ ಮೇಲೆ ಮಾತ್ರ "ರಿಪೇರಿ ತೃಪ್ತಿಯಾಗಿದೆ" ಎಂಬ ವೋಚರಿಗೆ ಸಹಿ ಹಾಕಿ. ಏನಾದರೂ ಬಾಕಿ ಇದ್ದರೆ ಸಹಿಯ ಪಕ್ಕದಲ್ಲೇ ಬರೆಯಿರಿ.

1,000 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಅಲೈನ್‌ಮೆಂಟ್ ಶೀಟ್ ತೆಗೆಸಿ, ಹಳೆಯ ಶೀಟಿನ ಪಕ್ಕ ಇಟ್ಟು ನೋಡಿ. ಅಂಕಿಗಳು ಜರುಗಿದ್ದರೆ ಯಾವುದೋ ಆರ್ಮ್ ಅಥವಾ ಮೌಂಟ್ ಇನ್ನೂ ಬಾಗಿದೆ ಎಂದರ್ಥ. ಅದೇ ಜಾಬ್ ಕಾರ್ಡ್ ನಂಬರ್ ಹೇಳಿ ಕಾರನ್ನು ವಾಪಸ್ ಕೊಡಿ.